ಗಾಳಿ ಪಿಸ್ತೂಲಿನ ವೇಗಮಾಂದ್ಯ

1988ರಲ್ಲಿ ಸಿಯೋಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸೇರಿದ ಗಾಳಿ ಪಿಸ್ತೂಲಿನ ಸ್ಪರ್ಧೆಯು, 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಕಂಚಿನ ಪದಕವನ್ನು ಗಳಿಸಿದ ಮೇಲೆ, ನಮ್ಮ ಮನೆಮಾತುಗಳಲ್ಲಿ ಒಂದಾಗಿದೆ. ನಮ್ಮ ಮೊಮ್ಮಗಳೂ ಈ ವಿದ್ಯೆಯನ್ನು ಅಭ್ಯಸಿಸುತ್ತಿರುವಳು. ವ್ಯಾಕರಣವನ್ನು ಬೋಧಿಸಿ ವಿಶ್ರಾಂತಿ ಪಡೆದವರಿಗೆ ಯಂತ್ರದ ಗೊಡವೆಯೇಕೆಂದು ವಾಚಕ ಮಹಾಶಯರು ಕೇಳಬಹುದು. ಮಗುವಿನ ಕೈಯಲ್ಲಿರುವ ವಸ್ತುವಿನ ಗುಣದೋಷಗಳನ್ನು ಮನೆಯ ಹಿರಿಯರು ಅರಿತಿರಬೇಡವೆ?

ಸ್ಪರ್ಧೆಗೆ ಹತ್ತು ದಿನಗಳಿರುವಾಗ ಅವಳ ಗುಂಡುಗಳು ನಡುವನ್ನು ಬಿಟ್ಟು ಕೆಳಗೆ ತಗಲತೊಡಗಿದುವು. "ತಾತ, ನನ್ನ ಕೈಯೇ ಕೆಟ್ಟುಹೋಯಿತು" ಎಂದು ಹುಡುಗಿ ಕಣ್ಣೀರಿಟ್ಟಳು. ರಿಪೇರಿಯವನೊಬ್ಬನು ಪಿಸ್ತೂಲನ್ನು ಕೈಯಲ್ಲಿ ಹಿಡಿಯದೆಯೇ ರೆಗ್ಯುಲೇಟರನ್ನು ಬದಲಾಯಿಸಬೇಕೆಂದನು. ನಾಡಿ ನೋಡದೆ ಔಷಧ ಕೊಡುವ ವೈದ್ಯರು ಎಲ್ಲ ವೃತ್ತಿಗಳಲ್ಲಿಯೂ ಇರುವರು.

ಯಂತ್ರದ ಸ್ವರೂಪವು ಇಷ್ಟು. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದವರೆಗೆ ಗಾಳಿಯನ್ನು ತುಂಬುವರು. ರೆಗ್ಯುಲೇಟರು ಅದನ್ನು ತಗ್ಗಿಸಿ, ಪ್ರತಿಯೊಂದು ಗುಂಡಿಗೂ ಒಂದೇ ಒತ್ತಡದ ಗಾಳಿಯನ್ನು ಅಳೆದು ಕೊಡುವುದು. ಸ್ಪ್ರಿಂಗಿನ ಬಲದಿಂದ ಒಂದು ಪುಟ್ಟ ಸುತ್ತಿಗೆಯು ವಾಲ್ವನ್ನು ಬಡಿದೊಡನೆ ಆ ಗಾಳಿಯು ನುಗ್ಗಿ, 4.5 ಮಿಲಿಮೀಟರಿನ, ಅರ್ಧ ಗ್ರಾಮಿನಷ್ಟು ತೂಗುವ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಿಂದ ತಳ್ಳುವುದು. ಗುರಿಯಿರುವುದು 10 ಮೀಟರ್ ದೂರದಲ್ಲಿ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಈ ದೂರದಲ್ಲಿ ಗುಂಡು 22 ಮಿಲಿಮೀಟರಿನಷ್ಟು ಕೆಳಕ್ಕೆ ಇಳಿಯುವುದು. ವೇಗವು 130ಕ್ಕೆ ತಗ್ಗಿದರೆ 29. ಗುರಿಹಲಗೆಯ ಒಂದು ವೃತ್ತಕ್ಕೂ ಮುಂದಿನದಕ್ಕೂ ಅಂತರವು 8 ಮಿಲಿಮೀಟರ್ ಮಾತ್ರ; ಹೆಚ್ಚು ಕಡಮೆ ಒಂದು ಅಂಕವೇ ಹೋಯಿತು! ಆದರೆ ಎಲ್ಲ ಗುಂಡುಗಳೂ 130ರಲ್ಲಿಯೇ ಹೋಗುವುದಾದರೆ ಸೈಟನ್ನು ಸ್ವಲ್ಪ ತಿರುಗಿಸಿದರೆ ಸಾಕು. ಒಂದು ಹಾಗೆ, ಇನ್ನೊಂದು ಹೀಗೆ ಹೋಗುವುದೇ ನಿಜವಾದ ರೋಗ.

ಆದಕಾರಣ ಮೊದಲು ಅಳೆಯತಕ್ಕದ್ದು. ಕ್ರೋನೋಗ್ರಾಫ್ ಎಂಬ ಉಪಕರಣವನ್ನು ಅವಳ ಶಿಕ್ಷಕರಿಂದ ಎರವಲು ತಂದೆವು. ಒಂದೇ ಡಬ್ಬಿಯ ಹತ್ತು ಗುಂಡುಗಳನ್ನು ಹಾರಿಸಿ, ಅಂಕಿಗಳನ್ನು ಬರೆದುಕೊಂಡೆವು. ವೇಗವು ಗುಂಡಿನಿಂದ ಗುಂಡಿಗೆ ಕ್ರಮವಾಗಿ ಇಳಿಯುತ್ತಿದ್ದರೆ ಸಿಲಿಂಡರು ಬರಿದಾಗುತ್ತಿದೆಯೆಂದು ಊಹಿಸಬಹುದು. ಬಿಡುವಿನ ಬಳಿಕದ ಮೊದಲ ಗುಂಡು ಮಾತ್ರ ಬೇರೆಯಾಗಿದ್ದರೆ ರೆಗ್ಯುಲೇಟರನ್ನು ಸಂದೇಹಿಸಬೇಕು. ಎಲ್ಲವೂ ಸಮನಾಗಿ ಮಂದವಾಗಿದ್ದರೆ ಸುತ್ತಿಗೆಯ ಸ್ಪ್ರಿಂಗು ಸಡಿಲವಾಗಿರಬಹುದು, ಇಲ್ಲವೆ ಗುಂಡು ಹೆಚ್ಚು ತೂಕದ್ದಾಗಿರಬಹುದು. ನಮಗೆ ದೊರೆತವು 149, 132, 141, 128, ತಾಳವಿಲ್ಲದ ಸಂಗೀತ. ಸಿಲಿಂಡರಿನ ಮೀಟರು 150 ಬಾರ್ ತೋರಿಸುತ್ತಿದ್ದಿತು.

ಇಂತಹ ಏರುಪೇರಿಗೆ ಗಾಳಿಯ ಸೋರಿಕೆಯು ಕಾರಣವಾಗಬಹುದು. ಗುಂಡನ್ನು ಇಡುವ ಜಾಗದ ಮುಚ್ಚಳದ ಸಂದಿಯ ಮೇಲೆ ತೆಳುವಾದ ಕಾಗದದ ಚೂರೊಂದನ್ನು ಅಂಟಿಸಿ, ಮುಖವನ್ನೂ ಬೆರಳನ್ನೂ ದೂರವಿರಿಸಿ, ಗುರಿಯ ಕಡೆಗೇ ಹಾರಿಸಿದಾಗ ಕಾಗದವು ಪಟಪಟನೆ ಅದುರಿತು. ಒಳಗಿದ್ದ ರಬ್ಬರಿನ ಉಂಗುರವು ಒಂದು ಕಡೆ ಚಪ್ಪಟೆಯಾಗಿ ಸೀಳಿದ್ದಿತು. ಅದೇ ಅಳತೆಯ ಹೊಸ ಉಂಗುರಕ್ಕೆ ಒಂದು ಕಾಫಿಯ ಬೆಲೆಯೂ ಆಗಲಿಲ್ಲ. ಮರುದಿನ ಹತ್ತು ಗುಂಡುಗಳೂ 146ಕ್ಕೂ 149ಕ್ಕೂ ನಡುವೆಯೇ ನಿಂತುವು.

ಒಂದೆರಡು ಎಚ್ಚರಿಕೆಗಳು ಅವಶ್ಯಕ. ಬಿಚ್ಚುವ ಮುನ್ನ ಗುಂಡಿಲ್ಲವೆಂಬುದನ್ನು ಕಣ್ಣಾರೆ ನೋಡಿ, ಸಿಲಿಂಡರನ್ನು ಕಳಚಿ, ಉಳಿದ ಗಾಳಿಯನ್ನು ಹೊರಹಾಕತಕ್ಕದ್ದು. ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚಲೇಕೂಡದು. ಸಿಲಿಂಡರಿಗೆ ಎಣ್ಣೆಯ ಹನಿಯೂ ತಾಕಬಾರದು. ಅಧಿಕ ಒತ್ತಡದ ಗಾಳಿಯೊಡನೆ ಎಣ್ಣೆ ಸೇರಿದರೆ ಸಿಡಿಯುವ ಭಯವುಂಟು. ಸಿಲಿಂಡರಿನ ಆಯುಷ್ಯವು ಸಾಮಾನ್ಯವಾಗಿ 10 ವರ್ಷಗಳು. ಅದರ ಮೇಲೆ ಅಚ್ಚೊತ್ತಿದ ತಾರೀಖನ್ನು ಓದಿಕೊಳ್ಳಿರಿ.

ಸ್ಪರ್ಧೆಯಲ್ಲಿ ಹುಡುಗಿಗೆ ಪದಕವೇನೂ ದೊರೆಯಲಿಲ್ಲ. ಮನೆಗೆ ಬಂದು ಗುರಿಹಾಳೆಯನ್ನು ನಮ್ಮ ಮುಂದೆ ಹಾಸಿ, "ನೋಡಿ ತಾತ, ಈ ಎರಡು ಎಡಕ್ಕೆ ಹೋದವು ಮಾತ್ರ ನನ್ನ ಕೈಯ ತಪ್ಪು" ಎಂದು ನಗುತ್ತಾ ತೋರಿಸಿದಳು.