ಕಾದಂಬರಿಯ ನೆಲದಲ್ಲಿ ದುಡಿಮೆಯ ಗುರುತು

ನಿಸರ್ಗ ವರ್ಣನೆ ಎಂದೊಡನೆ ಕನ್ನಡ ಓದುಗರ ಮನಸ್ಸು ಮಲೆನಾಡಿಗೆ ಓಡುತ್ತದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಇದು ಸಹಜವೇ. ಆದರೆ ಕಾಫಿ, ಅಡಿಕೆ ಬೆಳೆಯುವ ನಾವು ಇನ್ನೊಂದು ಮಾತನ್ನೂ ಕೇಳಬೇಕಾಗಿದೆ: ಆ ಹಸಿರಿನ ನಡುವೆ ದುಡಿದವರು ಕಾಣುತ್ತಾರೆಯೇ?

ಶಿವರಾಮ ಕಾರಂತರಲ್ಲಿ ಕಾಣುತ್ತಾರೆ. ‘ಬೆಟ್ಟದ ಜೀವ’ದ (1943) ಗೋಪಾಲಯ್ಯನವರು ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಅಡಿಕೆ ತೋಟ ಎಬ್ಬಿಸಿದವರು. ಅಲ್ಲಿ ಬೆಟ್ಟ ಚೆಲುವೂ ಹೌದು, ಕಾಡುಪ್ರಾಣಿಗಳ ಕಾಟವೂ ಹೌದು. ಇಷ್ಟೆಲ್ಲ ಸಾಧಿಸಿದ ಮುದುಕನ ಕೊರಗು ಒಂದೇ, ಮನೆ ಬಿಟ್ಟುಹೋದ ಮಗ. ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಈ ಪುಸ್ತಕಕ್ಕೆ ವ್ಯಾಖ್ಯಾನ ಬೇಕಿಲ್ಲ.

ಅದೇ ಕಾರಂತರ ‘ಚೋಮನ ದುಡಿ’ (1933) ನಮಗೆ ಅಷ್ಟು ಹಿತವಾದ ಓದಲ್ಲ. ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರಕ್ಕೆ ಬಲಿಯಾಗುತ್ತಾನೆ. ತೋಟದ ಯಜಮಾನನಿಗೆ ನೆರಳೂ ಫಸಲೂ ಆಗಿ ಕಾಣುವ ಜಾಗ ಕೂಲಿಯವನಿಗೆ ಸಾಲದ ಲೆಕ್ಕವಾಗಿ ಕಾಣುತ್ತದೆ. ತೋಟ ಒಂದೇ, ನೋಡುವ ಕಣ್ಣು ಬೇರೆ.

ಸ್ವತಃ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೋ’ವನ್ನು (1980) ಆರಂಭಿಸುವುದು ಮೂಡಿಗೆರೆಯ ಜೇನು ಸೊಸೈಟಿಯಿಂದ. ಹಾರುವ ಓತಿಯ ವಿಸ್ಮಯಕ್ಕೆ ದಾರಿ ಜೇನು, ಗದ್ದೆ, ರೈತನ ತಾಪತ್ರಯಗಳ ನಡುವೆಯೇ ಹಾದುಹೋಗುತ್ತದೆ. ಸಹಕಾರ ಸಂಘಗಳ ಸದಸ್ಯರಾದ ನಮಗೆ ಇದು ವಿಶೇಷ ಸಂತೋಷದ ಸಂಗತಿ.

ಹಾಗಾದರೆ ಬೆಟ್ಟ, ಕಾಡು ಇಲ್ಲದ ಊರಿಗೆ ಕಾದಂಬರಿಯ ಚೆಲುವಿಲ್ಲವೇ? ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆಯಲ್ಲಿ ಮಲೆನಾಡಿನ ಸೆರಗು ಸಿಗುತ್ತದೆ. ಅಲ್ಲಿಂದ ಮೂಡಣಕ್ಕೆ ಬಂದು ಕುಂದಗೋಳ ತಾಲೂಕಿನ ಕುಬಿಹಾಳದ ಕಡೆ ನೋಡಿದರೆ ಕಣ್ಣು ಹಾಯುವಷ್ಟೂ ಎರೆಹೊಲ. ನಮ್ಮ ಕಡೆಯವರಿಗೆ ಬಯಲೆಂದರೆ ಬರಿದು. ಆದರೆ ಆ ನೆಲ ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ, ಮಳೆ ಬಿದ್ದರೆ ಕಾಲಿಗೂ ಗಾಲಿಗೂ ಅಂಟಿ ಬಿಡುವುದಿಲ್ಲ. ಹತ್ತಿ ಒಡೆದಾಗ ಬಿಳಿ, ಮೆಣಸಿನಕಾಯಿ ಹರವಿದಾಗ ಕೆಂಪು. ಸೀಗಿ ಹುಣ್ಣಿಮೆಗೆ ರೈತ ಬುತ್ತಿ ಕಟ್ಟಿಕೊಂಡು ಹೋಗಿ ಹೊಲಕ್ಕೆ ಚರಗ ಚೆಲ್ಲುತ್ತಾನೆ. ಇದನ್ನು ಬರಿದು ಎನ್ನುವುದು ಹೇಗೆ?

ಉತ್ತರ ಕರ್ನಾಟಕದ ಹಳ್ಳಿಯನ್ನು ರಾವಬಹಾದ್ದೂರರು ‘ಗ್ರಾಮಾಯಣ’ದಲ್ಲಿ (1957) ಚಿತ್ರಿಸಿದರು. ಅಲ್ಲಿ ಊರೇ ನಾಯಕ. ಹಳ್ಳಿ ಮುಗ್ಧರ ಸ್ವರ್ಗವೆಂದು ಅವರು ಹೇಳಲಿಲ್ಲ; ಅದರ ಜಗಳ, ಸಂಚು, ಸಂಕಟಗಳನ್ನೂ ಬರೆದರು. ಅದರಿಂದಲೇ ಆ ಊರು ಜೀವಂತವಾಯಿತು.

ನಮ್ಮ ಅಭಿಪ್ರಾಯವಿಷ್ಟೆ. ಹಸಿರಿನ ಬಣ್ಣ ಹೇಳುವುದರಿಂದಲೇ ನೆಲದ ವರ್ಣನೆ ಪೂರ್ಣವಾಗುವುದಿಲ್ಲ. ಅಲ್ಲಿ ಯಾರು ದುಡಿದರು, ಯಾರಿಗೆ ಫಲ ಸಿಕ್ಕಿತು ಎಂಬುದೂ ಅದರೊಳಗೆ ಬರಬೇಕು. ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬರುವವರ ಕಣ್ಣಿಗೆ ನಮ್ಮ ಮಲೆನಾಡು ಹೇಗೆ ಕಾಣುತ್ತದೆ? ಅದನ್ನು ಅವರೇ ಬರೆದರೆ ನಾವು ಓದಲು ಸಿದ್ಧರಿರಬೇಕು.