ಮರಣೋತ್ತರ ಒಳಾಂಗ ಪರೀಕ್ಷೆ

ಮರಣೋತ್ತರ ಒಳಾಂಗ ಪರೀಕ್ಷೆಯು ಮೃತದೇಹದ ಅಂಗಾಂಶಗಳಲ್ಲಿರುವ ಔಷಧ ಅಥವಾ ವಿಷದ ಪ್ರಮಾಣವನ್ನು ಅಳೆದು ಸಾವಿನ ಕಾರಣವನ್ನು ನಿರ್ಣಯಿಸಲು ನೆರವಾಗುವ ವಿಧಾನ. ಪೊಲೀಸ್ ದಾಖಲೆಗಳಲ್ಲಿ ಇದು ‘ವಿಸೆರಾ’ ಪರೀಕ್ಷೆ.

ಮಾದರಿ ಸಂಗ್ರಹ

ಜಠರ, ಸಣ್ಣಕರುಳು, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಸಾಮಾನ್ಯವಾಗಿ ಉಪ್ಪಿನ ಪರ್ಯಾಪ್ತ ದ್ರಾವಣದಲ್ಲಿಯೂ, ರಕ್ತವನ್ನು ಸೋಡಿಯಂ ಫ್ಲೋರೈಡ್ ಬೆರೆಸಿಯೂ ಮೊಹರು ಮಾಡಲಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನೊಳಗೊಂಡ ಜಿಲ್ಲೆಯ ಕೇಂದ್ರವಾದ ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ.

ಫಲಿತಾಂಶದ ವಿವೇಚನೆ

ಸಾವಿನ ನಂತರ ಕೆಲವು ಔಷಧಗಳು ಯಕೃತ್ತು, ಶ್ವಾಸಕೋಶಗಳಿಂದ ಹೃದಯದ ರಕ್ತಕ್ಕೆ ಹರಡುತ್ತವೆ. ಆಗ ವೈದ್ಯರು ಸೂಚಿಸಿದಷ್ಟೇ ನುಂಗಿದ ಮಾತ್ರೆಯೂ ಅತಿಸೇವನೆಯಂತೆ ತೋರಿ, ಸಹಜ ಸಾವು ಆತ್ಮಹತ್ಯೆಯೆನಿಸಬಹುದು. ಆದುದರಿಂದ ತೊಡೆಯ ಅಭಿಧಮನಿಯ ರಕ್ತದಲ್ಲಿನ ಪ್ರಮಾಣವನ್ನು ಯಕೃತ್ತಿನಲ್ಲಿನ ಪ್ರಮಾಣದೊಂದಿಗೆ ಹೋಲಿಸುತ್ತಾರೆ. ವಾಂತಿ, ಚಿಕಿತ್ಸೆ ಅಥವಾ ದೇಹದ ಕೊಳೆಯುವಿಕೆಯಿಂದ ವಿಷವು ಪತ್ತೆಯಾಗದಿರಬಹುದು. ಅದು ಪತ್ತೆಯಾಗಲಿಲ್ಲವೆಂಬುದು ವಿಷಪ್ರಾಶನ ನಡೆದಿಲ್ಲವೆಂಬುದಕ್ಕೆ ಪುರಾವೆಯಲ್ಲ.