ಮಗುವಿನ ಮೊದಲ ರೋಜಾ

ಕಳೆದ ರಂಜಾನ್ ತಿಂಗಳ ಒಂದು ಸಂಜೆ. ಮಗ್ರಿಬ್ ಅಜಾನಿಗೆ ಇನ್ನೂ ಒಂದು ತಾಸು ಇತ್ತು. ತಿಳವಳ್ಳಿಯ ನನ್ನ ದವಾಖಾನೆಗೆ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ಹೆಗಲ ಮೇಲೆ ಹಾಕಿಕೊಂಡು ಬಂದರು. ಮೈ ಬೆವತು ತಣ್ಣಗಾಗಿತ್ತು, ಕೈ ನಡುಗುತ್ತಿತ್ತು. ಹೆಸರು ಕೇಳಿದರೂ ತಡವರಿಸುತ್ತಿದ್ದ. "ಇವತ್ತ ಮೊದಲ್ನೇ ರೋಜಾ ರೀ ಡಾಕ್ಟರ್ರ. ಮುಂಜಾನಿಂದ ಆರಾಮ ಇದ್ದ" ಎಂದರು ತಾಯಿ. ಬೆರಳಿನ ರಕ್ತ ಪರೀಕ್ಷಿಸಿದರೆ ಸಕ್ಕರೆ ಪ್ರಮಾಣ 52. ಇದು 70ಕ್ಕಿಂತ ಕೆಳಗಿಳಿದರೇ ನಾವು ಎಚ್ಚರಗೊಳ್ಳುತ್ತೇವೆ. ಪುಣ್ಯಕ್ಕೆ ಹುಡುಗನಿಗೆ ನುಂಗಲು ಬರುತ್ತಿತ್ತು. ಗ್ಲೂಕೋಸ್ ನೀರು ಕುಡಿಸಿದೆವು. ಇಪ್ಪತ್ತು ನಿಮಿಷದಲ್ಲಿ ಎದ್ದು ಕುಳಿತ. ಕುಳಿತವನೇ ಬಿಕ್ಕಿ ಬಿಕ್ಕಿ ಅಳತೊಡಗಿದ. ನೋವಿಗಲ್ಲ, ಒಂದೇ ತಾಸು ಉಳಿದಿರುವಾಗ ರೋಜಾ ಮುರಿಯಿತಲ್ಲ ಎಂದು.

ನಿಧಾನವಾಗಿ ಕೇಳಿದಾಗ ನಿಜ ಹೊರಬಿತ್ತು. ಸಹರಿಯ ಹೊತ್ತಿಗೆ ನಿದ್ದೆಗಣ್ಣಿನಲ್ಲಿ ಎರಡು ತುತ್ತು ತಿಂದು ಮಲಗಿಬಿಟ್ಟಿದ್ದ. ಮಧ್ಯಾಹ್ನ ಎರಡು ಗಂಟೆಯಿಂದಲೇ ಕಣ್ಣು ಕತ್ತಲೆ ಬರುತ್ತಿತ್ತು, ಆದರೆ ಯಾರಿಗೂ ಹೇಳಿರಲಿಲ್ಲ. ಅವನದೇ ವಯಸ್ಸಿನ ಚಿಕ್ಕಪ್ಪನ ಮಗ ಪೂರ್ತಿ ರೋಜಾ ಇಟ್ಟಿದ್ದ. ಸಂಜೆಗೆ ಹೊಸ ಕುರ್ತಾ, ಹೂವಿನ ಮಾಲೆ ಸಿದ್ಧವಾಗಿದ್ದವು, ಹಿರೇಕೆರೂರಿನಿಂದ ನೆಂಟರೂ ಬಂದಿದ್ದರು. ಹೇಳುವುದಾದರೂ ಹೇಗೆ?

ಓದುಗರೇ, ಮಕ್ಕಳನ್ನು ರಂಜಾನ್‌ಗೆ ಅಣಿಗೊಳಿಸುವುದೆಂದರೆ ಬಟ್ಟೆ, ಖರ್ಜೂರ ತರುವುದಷ್ಟೇ ಅಲ್ಲ. "ನನಗೆ ಆಗುತ್ತಿಲ್ಲ" ಎಂದು ಹೇಳುವ ಧೈರ್ಯವನ್ನು ಮಗುವಿಗೆ ಮೊದಲೇ ಕೊಡಬೇಕು. ದೊಡ್ಡವರ ಉಪವಾಸದಲ್ಲಿ ನನಗೆ ಹೆಚ್ಚಾಗಿ ಕಾಣುವುದು ಹೊಟ್ಟೆಯುರಿ, ತಲೆನೋವು. ಮಕ್ಕಳಲ್ಲಿ ಕಾಣುವುದು ಮುಚ್ಚಿಟ್ಟ ನಿಶ್ಶಕ್ತಿ.

ಧರ್ಮದ ವಿಚಾರ ಹೇಳುವುದು ವೈದ್ಯನ ಕೆಲಸವಲ್ಲ. ಆದರೂ ಒಂದು ಮಾತು. ಪ್ರಾಯಕ್ಕೆ ಬರುವವರೆಗೆ ಮಕ್ಕಳಿಗೆ ರೋಜಾ ಕಡ್ಡಾಯವಲ್ಲವೆಂದು ಮೌಲವಿಗಳೇ ಹೇಳುತ್ತಾರೆ. ಕಾಯಿಲೆಯವರು, ಪ್ರಯಾಣದಲ್ಲಿರುವವರು ಬೇರೆ ದಿನಗಳಲ್ಲಿ ಲೆಕ್ಕ ತೀರಿಸಬಹುದೆಂಬ ರಿಯಾಯಿತಿ ಕುರಾನಿನ ಎರಡನೆಯ ಅಧ್ಯಾಯದಲ್ಲೇ ಇದೆ. ಆದ್ದರಿಂದ ಎಳೆಯರು ಮಾಡುವುದು ಅಭ್ಯಾಸ ಮಾತ್ರ. ಅಭ್ಯಾಸದಲ್ಲಿ ಅವಸರವೇಕೆ?

ಮಗುವಿನ ಶರೀರ ದೊಡ್ಡವರ ಶರೀರದ ಸಣ್ಣ ಪ್ರತಿಯಲ್ಲ. ಊಟ ಬಿಟ್ಟಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್. ಮಗುವಿನ ಯಕೃತ್ತು ಚಿಕ್ಕದು, ಆದ್ದರಿಂದ ಈ ಕಣಜವೂ ಚಿಕ್ಕದು. ಮೆದುಳು ಮಾತ್ರ ಮೈಗೆ ಹೋಲಿಸಿದರೆ ದೊಡ್ಡದು, ಅದಕ್ಕೆ ಸಕ್ಕರೆ ಸತತವಾಗಿ ಬೇಕು. ಹೀಗಾಗಿ ದೊಡ್ಡವರು ಸಲೀಸಾಗಿ ಕಳೆಯುವ ಹೊತ್ತಿನಲ್ಲಿ ಮಗುವಿನ ಕಣಜ ಬರಿದಾಗುತ್ತದೆ. ನೀರಿನ ಕಥೆಯೂ ಹೀಗೆಯೇ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ಹೆಚ್ಚು, ಓಡಾಟವಂತೂ ಕೇಳುವುದೇ ಬೇಡ. ನಮ್ಮ ಭಾಗದಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಸಹರಿ ಮುಗಿದ ಮೇಲೆ ಇಫ್ತಾರ್‌ಗೆ ಸುಮಾರು 13 ತಾಸು ಕಾಯಬೇಕು. ಚಾಂದ್ರಮಾನದ ವರ್ಷ ಹತ್ತು-ಹನ್ನೊಂದು ದಿನ ಗಿಡ್ಡ. ಆದ್ದರಿಂದ ರಂಜಾನ್ ಈಗ ಚಳಿಗಾಲದತ್ತ ಸರಿಯುತ್ತಿದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಬರಲಿದೆ. ಎಳೆಯರಿಗೆ ಕಲಿಸಲು ಮುಂದಿನ ಕೆಲವು ವರ್ಷ ಅನುಕೂಲದ ಕಾಲವೆನ್ನಬಹುದು.

ಹೇಗೆ ಕಲಿಸಬೇಕು? ನಮ್ಮ ಹಿರಿಯ ಹೆಣ್ಣುಮಕ್ಕಳು ಯಾವ ವೈದ್ಯಕೀಯ ಪುಸ್ತಕ ಓದದೆಯೂ ದಾರಿ ಕಂಡುಕೊಂಡಿದ್ದರು. ಅದೇ 'ಚಿಡಿಯಾ ರೋಜಾ', ಹಕ್ಕಿಯ ರೋಜಾ. ಮಗು ದೊಡ್ಡವರ ಜೊತೆ ಸಹರಿ ಮಾಡುತ್ತದೆ, ಮಧ್ಯಾಹ್ನ ಊಟ ಮಾಡುತ್ತದೆ, ಸಂಜೆ ಎಲ್ಲರೊಂದಿಗೆ ಕುಳಿತು ಖರ್ಜೂರ ಬಾಯಿಗಿಡುತ್ತದೆ. ಇದಕ್ಕಿಂತ ಒಳ್ಳೆಯ ಕ್ರಮ ನನಗೆ ತಿಳಿಯದು. ಏಳು ವರ್ಷದ ಒಳಗಿನವರು ಇಫ್ತಾರ್ ತಟ್ಟೆ ಜೋಡಿಸಿದರೆ ಸಾಕು. ಏಳರಿಂದ ಹತ್ತರವರೆಗೆ ಮೊದಲು ಹತ್ತು ಗಂಟೆಯ ತನಕ, ಆಮೇಲೆ ಮಧ್ಯಾಹ್ನದ ತನಕ. ಹತ್ತು ದಾಟಿದ ಆರೋಗ್ಯವಂತ ಮಗು ರಜೆಯ ದಿನ, ಮನೆಯವರ ಕಣ್ಣೆದುರಿಗೆ ಒಂದು ಪೂರ್ತಿ ರೋಜಾ ಇಟ್ಟು ನೋಡಲಿ. ಮರುದಿನ ಬಿಡುವು ಕೊಡಿ. ವಯಸ್ಸಿನ ಈ ಲೆಕ್ಕ ಅಂದಾಜಿನದು, ಬಡಕಲು ಮಗುವಿಗೆ ಇನ್ನೂ ತಡವಾಗಿ.

ಇದಕ್ಕೆ ತಯಾರಿ ಶಾಬಾನ್ ತಿಂಗಳಲ್ಲೇ ಆರಂಭವಾಗಲಿ. ರಾತ್ರಿ ಬೇಗ ಮಲಗುವುದೇ ಮುಖ್ಯ ತಯಾರಿ. ಹನ್ನೊಂದರವರೆಗೆ ಮೊಬೈಲ್ ನೋಡಿದ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿದರೆ ಅದು ಊಟ ಮಾಡೀತೇ? ಸಹರಿ ಬಿಟ್ಟ ದಿನ ಮಗುವಿಗೆ ರೋಜಾ ಬೇಡವೇ ಬೇಡ. ಬರೀ ಚಹಾ, ಬ್ರೆಡ್ಡು ಸಾಲದು. ರೊಟ್ಟಿ, ಬೇಳೆ ಅಥವಾ ಹೆಸರುಕಾಳಿನ ಪಲ್ಯ, ಮೊಟ್ಟೆ, ಮೊಸರನ್ನ, ಬಾಳೆಹಣ್ಣು ಇವೆಲ್ಲ ನಿಧಾನವಾಗಿ ಕರಗಿ ಬಹಳ ಹೊತ್ತು ತಡೆಯುತ್ತವೆ. ಉಪ್ಪಿನಕಾಯಿ, ಹಪ್ಪಳ ಬಾಯಾರಿಕೆ ಹೆಚ್ಚಿಸುತ್ತವೆ. ಇಫ್ತಾರ್‌ನಲ್ಲಿ ಮೊದಲು ನೀರು, ಖರ್ಜೂರ, ಗಂಜಿ. ಮಿರ್ಚಿ ಭಜಿ, ಸಮೋಸಾ ಬೇಡವೆಂದರೆ ನನ್ನ ಮಾತು ಯಾರೂ ಕೇಳುವುದಿಲ್ಲ. ಒಂದೆರಡಕ್ಕೆ ನಿಲ್ಲಿಸಿ ಎನ್ನುತ್ತೇನೆ. ಮಲಗುವತನಕ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸುತ್ತಿರಿ.

ಶಾಲೆಯ ದಿನ ಮಗು ರೋಜಾ ಇಟ್ಟಿದ್ದರೆ ಮಾಸ್ತರರಿಗೆ ಒಂದು ಮಾತು ಹೇಳಿ ಕಳಿಸಿ. ಬಿಸಿಯೂಟಕ್ಕೆ ಕುಳಿತುಕೊಳ್ಳದ ಮಗುವಿನ ಮೇಲೆ ಅವರ ಕಣ್ಣಿರುತ್ತದೆ, ಬಿಸಿಲಿನ ಆಟದಿಂದಲೂ ಬಿಡುತ್ತಾರೆ. ಪರೀಕ್ಷೆಯ ದಿನ ಎಳೆಯರಿಗೆ ಈ ಅಭ್ಯಾಸ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವ, ಮೂರ್ಛೆರೋಗಕ್ಕೆ ಗುಳಿಗೆ ನುಂಗುವ, ಮೂತ್ರಪಿಂಡದ ತೊಂದರೆ ಅಥವಾ ತೀವ್ರ ರಕ್ತಹೀನತೆ ಇರುವ ಮಕ್ಕಳನ್ನು ವೈದ್ಯರಿಗೆ ತೋರಿಸದೆ ಅರ್ಧ ದಿನವೂ ಉಪವಾಸ ಇರಿಸಬೇಡಿ. ಜ್ವರ, ವಾಂತಿ, ಭೇದಿ ಇದ್ದ ದಿನವಂತೂ ಇಲ್ಲವೇ ಇಲ್ಲ.

ಮಗು ಮಂಕಾಗಿ ಕುಳಿತರೆ, ವಿನಾಕಾರಣ ಸಿಡಿಮಿಡಿಗುಟ್ಟಿದರೆ, ಬೆವತು ನಡುಗಿದರೆ, ಬಾಯಿ ಒಣಗಿ ಆರೆಂಟು ತಾಸು ಮೂತ್ರ ಮಾಡದಿದ್ದರೆ ಅಜಾನಿನ ದಾರಿ ಕಾಯಬೇಡಿ. ಸಕ್ಕರೆ ನೀರನ್ನೋ ಓಆರ್‌ಎಸ್ ಅನ್ನೋ ಕುಡಿಸಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೂ ನಡೆದೀತು. ಚಹದ ಚಮಚ, ಗೋಪುರವಿಲ್ಲದಂತೆ ಮಟ್ಟಸವಾಗಿರಲಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಆ ಹುಡುಗ ಮೊನ್ನೆ ತನ್ನ ದಾದಿಯೊಂದಿಗೆ ಬಂದಿದ್ದ. ತೂಕ ನೋಡಿದೆ, ಚೆನ್ನಾಗಿದ್ದಾನೆ. ಈ ಸಲ ಮೊದಲೆರಡು ಭಾನುವಾರ ಚಿಡಿಯಾ ರೋಜಾ, ಮೈಗೆ ಒಗ್ಗಿದರೆ ಮೂರನೆಯದಕ್ಕೆ ಪೂರ್ತಿ ಎಂದು ಹೇಳಿದೆ. ಅವನು ನನ್ನ ಮುಖ ನೋಡಿ, "ಅರ್ಧಾ ರೋಜಾಕ್ಕ ಮಾಲಿ ಹಾಕ್ತಾರೇನ್ರಿ?" ಎಂದು ಕೇಳಿದ. ನಾನು ಉತ್ತರ ಹುಡುಕುವ ಮೊದಲೇ ದಾದಿ ಹೇಳಿದರು: "ಯಾಕ ಹಾಕೂದಿಲ್ಲ? ನಾ ಹಾಕ್ತೀನಿ ಬಾ."